ಬೊಂಬೆಗೆ ದನಿಯಾದ ಅಕ್ಕ

ನಿಮ್ಮಕ್ಕ ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ "ಆಸ್ಪತ್ರೆಯಲ್ಲಿದ್ದಾಳೆ" ಎಂದಷ್ಟೇ ಹೇಳಿ ಮಾತು ತೇಲಿಸಿಬಿಡುತ್ತಿದ್ದೆ. ಬೊಂಬೆಯ ಪರವಾಗಿ ನರಳುವುದು ಅವಳ ಕೆಲಸ ಎಂದರೆ ನನಗೇ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು.

ತುರ್ತು ಚಿಕಿತ್ಸೆ ಕಲಿಯಲು ಬಂದ ಎಳೆಯ ಡಾಕ್ಟರುಗಳಿಗಾಗಿ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಒಂದು ತರಬೇತಿ ಕೋಣೆ ಇತ್ತು. ಕೆಳಗಿನ ಎಮರ್ಜೆನ್ಸಿ ವಾರ್ಡಿನ ತದ್ರೂಪು: ಅದೇ ಮಂಚ, ಅದೇ ಆಕ್ಸಿಜನ್ ಕೊಳವೆ, ಅದೇ ಕಿರುಗುಟ್ಟುವ ಔಷಧಿ ಗಾಡಿ. ಮಂಚದ ಮೇಲೊಂದು ರಬ್ಬರ್ ಬೊಂಬೆ. ಟೋಪನ್ ಹಾಕಿದರೆ ಹೆಂಗಸು, ತೆಗೆದರೆ ಗಂಡಸು. ಅದರ ಎದೆ ಏರಿಳಿಯುತ್ತದೆ, ಮಣಿಕಟ್ಟಿನಲ್ಲಿ ನಾಡಿ ಬಡಿಯುತ್ತದೆ, ಮಾತು ಮಾತ್ರ ಬರುವುದಿಲ್ಲ. ಗಾಜಿನ ಗೋಡೆಯ ಹಿಂದೆ, ಮೈಕಿನ ಮುಂದೆ ಕೂತ ಅಕ್ಕನೇ ಅದರ ಮಾತು. ಮೊದಲು ಅವಳು ಅಲ್ಲಿ ಟೈಪಿಸ್ಟ್. ದನಿ ಕೊಡುವವನು ಒಂದು ದಿನ ಕೈಕೊಟ್ಟಾಗ, ಪಾಠ ಮಾಡುವ ಪ್ರೊಫೆಸರಮ್ಮ ಬಂದು "ನೀವೇ ಸ್ವಲ್ಪ ನರಳ್ತೀರಾ?" ಎಂದು ಕೇಳಿದರಂತೆ. ನರಳಿದವಳು ಮತ್ತೆ ಟೈಪಿಂಗಿನ ಕಡೆ ತಲೆ ಹಾಕಲಿಲ್ಲ.

ಆ ಗಾಜಿನ ಹಿಂದೆ ಸದಾ ಮಬ್ಬು ಬೆಳಕು. ಗುಂಡಿ ಒತ್ತಿ ಉಸಿರು ಬಿಟ್ಟರೆ, ಆ ಉಸಿರು ಆಚೆ ಇನ್ನೊಂದು ಮೈಯಿಂದ ಹೊರಡುತ್ತಿತ್ತು. ಅದನ್ನು ಕೇಳುತ್ತ ಕೇಳುತ್ತ ತಾನು ಯಾವ ಕಡೆ ಇದ್ದೇನೆ ಎನ್ನುವುದೇ ಅವಳಿಗೆ ಮರೆತುಹೋಗುತ್ತಿತ್ತಂತೆ. ಅವಳು ಕಟ್ಟುವ ಕಥೆಗಳಲ್ಲಿ ಬೊಂಬೆಗೆ ಒಂದು ದಿನ ದೋಣಿ ನಡೆಸುವ ಗಂಡ, ಇನ್ನೊಂದು ದಿನ ಮಾತು ಬಿಟ್ಟ ಸೊಸೆ. ಮನೆಗೆ ಬಂದ ಮೇಲೂ ಅಕ್ಕ ಅರ್ಧ ಅಲ್ಲೇ ಇರುತ್ತಿದ್ದಳು. ಮುಂದಿಟ್ಟ ಚಹಾ ಆರಿ ತಣ್ಣಗಾಗುತ್ತಿತ್ತು.

"ಇವತ್ತು ಯಾರಾಗಿದ್ದೆ ಮಹಾತಾಯಿ?" ಎಂದು ನಾನು ರೇಗಿಸುತ್ತಿದ್ದೆ.

"ತೋಟದ ಮಾಲಿ. ಪಾಪ, ಉಳೀಲಿಲ್ಲ" ಎಂದು ಕಿಟಕಿಯಾಚೆ ನೋಡುತ್ತ ಹೇಳುತ್ತಿದ್ದಳು.

ಮನೆಯಲ್ಲಿ ನಾವಿಬ್ಬರೇ. ಅಕ್ಕ, ಹೊಲಿಗೆ ಅಂಗಡಿಯ ನಾನು. ಅವಳ ಕಥೆಗಳಲ್ಲಿ ಊರಿನ ನೆಂಟರೆಲ್ಲ ಇರುತ್ತಿದ್ದರು, ತಂಗಿಯೊಬ್ಬಳನ್ನು ಬಿಟ್ಟು. ಯಾಕೆಂದು ಪ್ರೊಫೆಸರಮ್ಮ ಕೇಳಿದ್ದಕ್ಕೆ "ಆ ಬೊಂಬೆ ವಾರ ವಾರ ಸಾಯುತ್ತೆ. ನನ್ನ ತಂಗಿ ಯಾಕೆ ಅಳಬೇಕು?" ಎಂದಿದ್ದಳಂತೆ. ಕೇಳಿ ನನಗೆ ನಗು ಬಂತು. ಒಳಗೊಳಗೇ ಹಿಗ್ಗಿದ್ದೂ ನಿಜ.

ಆ ಕೋಣೆಯಲ್ಲಿ ಒಂದು ಪದ್ಧತಿ. ಔಷಧಿ ನಿಜವಾಗಿ ಕೊಡುವಂತಿಲ್ಲ. "ಸೂಜಿ ಹಾಕಿದೆ", "ಔಷಧಿ ಕೊಟ್ಟೆ" ಎಂದು ಗಟ್ಟಿಯಾಗಿ ಹೇಳಿದರೆ ಸಾಕು, ಕೊಟ್ಟಂತೆಯೇ. ಹುಡುಗರು ಪಳಗಿದ ಮೇಲೆ ಆಗಾಗ ಕೆಳಗಿನ ನಿಜವಾದ ವಾರ್ಡಿಗೇ ಅಕ್ಕನನ್ನು ರೋಗಿಯಾಗಿ ಕಳಿಸುತ್ತಿದ್ದರು. ಅಲ್ಲೂ ಅದೇ ಪದ್ಧತಿ. ಇದನ್ನು ಪ್ರೊಫೆಸರಮ್ಮ, ಅವರ ಕಿರಿಯ ಮೇಷ್ಟ್ರು ಸರದಿಯಲ್ಲಿ ಏರ್ಪಡಿಸುತ್ತಿದ್ದರು. ಪರೀಕ್ಷೆ ಯಾವತ್ತು ಎನ್ನುವ ಗುಟ್ಟು ರಟ್ಟಾಗಬಾರದೆಂದು ಒಬ್ಬರು ಮಾಡಿದ್ದನ್ನು ಇನ್ನೊಬ್ಬರಿಗೂ ಹೇಳುತ್ತಿರಲಿಲ್ಲ. ಬುದ್ಧಿವಂತರು ಹೆಚ್ಚಾದರೆ ಹೀಗೇ.

ಆ ದಿನ ಮೆಟ್ಟಿಲು ಹತ್ತುವಾಗ ಅಕ್ಕನಿಗೆ ಎದೆ ಹಿಡಿದುಕೊಂಡಿತು. ಗೋಡೆ ಹಿಡಿದು ಇಳಿದು ವಾರ್ಡಿಗೆ ಬಂದಳು. "ಎದೆ ಮೇಲೆ ಯಾರೋ ಕೂತ ಹಾಗಿದೆ. ಎಡಗೈ ಸೆಳೀತಿದೆ" ಎಂದಳು. ಬೊಂಬೆಗಾಗಿ ಎಷ್ಟೋ ಸಲ ಆಡಿದ ಮಾತು. ನೋವಿಗೆ ಅವಳಲ್ಲಿ ಬೇರೆ ಮಾತೇ ಉಳಿದಿರಲಿಲ್ಲ.

ಎತ್ತರದ ಒಬ್ಬ ಹುಡುಗ, ಎಲ್ಲರ ಬಾಯಲ್ಲಿ ಲಂಬು, ಹುಮ್ಮಸ್ಸಿನಿಂದ ಬಂದ. ಕಿರಿಯ ಮೇಷ್ಟ್ರು ಏರ್ಪಡಿಸಿದ ಪರೀಕ್ಷೆ ಇರಬೇಕೆಂದು ಪ್ರೊಫೆಸರಮ್ಮ ಕೈಕಟ್ಟಿ ನೋಡುತ್ತ ನಿಂತರು.

"ಆಕ್ಸಿಜನ್ ಕೊಟ್ಟೆ," ಎಂದ ಲಂಬು. ಕೊಳವೆ ಗೋಡೆಯ ಮೇಲೇ ಇತ್ತು. "ಸೂಜಿ ಹಾಕಿದೆ. ಮಾತ್ರೆ ಕೊಟ್ಟೆ."

ಅಕ್ಕನಿಗೆ ಎಲ್ಲ ದೂರ ದೂರ ಸರಿಯಿತಂತೆ. ತಾನು ಗಾಜಿನ ಹಿಂದೆ ಇದ್ದಂತೆ, ಮಂಚದ ಮೇಲೆ ಬೇರೆ ಯಾರೋ ಮಲಗಿದಂತೆ. ಆ ಮಲಗಿದವಳ ಬಾಯಲ್ಲಿ "ನಿಜವಾಗ್ಲೂ ನೋವು ಕಣಪ್ಪ" ಎನ್ನಿಸಬೇಕೆಂದು ಮೈಕಿನ ಗುಂಡಿಗಾಗಿ ಹಾಸಿಗೆಯ ಮೇಲೆಲ್ಲ ತಡಕಾಡಿದಳು. ಬೆರಳಿಗೆ ಬಟ್ಟೆ ಸಿಕ್ಕಿತೇ ಹೊರತು ಗುಂಡಿ ಸಿಗಲಿಲ್ಲ.

"ಮೇಡಂ, ಬೆವರು ಒರೆಸಿದ್ರೂ ಮತ್ತೆ ಬರ್ತಿದೆ," ಎಂದ ಲಂಬು.

"ನೀರು ಹಚ್ಕೊಂಡಿರ್ತಾರೆ, ಮುಂದುವರಿಸು," ಎಂದರು ಪ್ರೊಫೆಸರಮ್ಮ.

ಅವನು ಪಾಠದಂತೆ ಮುಂದಿನ ಪ್ರಶ್ನೆ ಕೇಳಿದ: "ಅಮ್ಮಾ, ಮನೇಲಿ ಯಾರಿದ್ದಾರೆ?"

"ತಂಗಿ ಇದ್ದಾಳೆ," ಎಂದಳು ಅಕ್ಕ. "ಅವಳಿಗೆ ಹೇಳ್ಬೇಡಿ. ಹೆದರ್ತಾಳೆ."

ಕಟ್ಟಿದ ಕೈ ಬಿಚ್ಚಿ ಪ್ರೊಫೆಸರಮ್ಮ ಓಡಿ ಬಂದರಂತೆ. "ಇದು ನಿಜ ಕಣ್ರೋ!" ಎಂದು ಕೂಗಿ ತಾವೇ ಸೂಜಿ ಚುಚ್ಚಿದರು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಅದನ್ನು ಬಿಡಿಸಿದರು. ಅಕ್ಕ ಉಳಿದಳು.

ಪ್ರತಿ ತರಬೇತಿಯಾದ ಮೇಲೆ ಎಲ್ಲರೂ ಸುತ್ತ ಕೂತು, ಯಾರನ್ನೂ ಬೈಯದೆ, ತಮಗೆ ಕಂಡದ್ದನ್ನು ಹೇಳಬೇಕು. ಅದೂ ಅವರ ಪದ್ಧತಿಯೇ. ತನಗಾದದ್ದಕ್ಕೂ ಹಾಗೇ ಕೂರಬೇಕೆಂದು ಅಕ್ಕ ಹಟ ಹಿಡಿದಳು. ಅವಳ ಮಂಚದ ಸುತ್ತ ಕುರ್ಚಿ ಹಾಕಿದರು. ನನ್ನನ್ನೂ ಕೂರಿಸಿದರು.

"ನೀವು ಸಾಯ್ತಿದ್ರಿ, ನಾನು ಮನಸ್ಸಲ್ಲೇ ಅಂಕ ಹಾಕ್ತಿದ್ದೆ," ಎಂದರು ಪ್ರೊಫೆಸರಮ್ಮ. ಲಂಬು ಎದ್ದು ಅಕ್ಕನ ಹೊದಿಕೆ ಸರಿಮಾಡಿ ಕೂತ. ಇನ್ನು ಮುಂದೆ ಅಕ್ಕನನ್ನು ವಾರ್ಡಿಗೆ ಕಳಿಸುವುದಿಲ್ಲ ಎಂದು ಕಿರಿಯ ಮೇಷ್ಟ್ರು ಹೇಳಿದರು.

"ನೀವೂ ಹೇಳಿ," ಎಂದು ಎಲ್ಲರೂ ನನ್ನ ಕಡೆ ತಿರುಗಿದರು.

ಇವರ ಜನ್ಮ ಜಾಲಾಡಬೇಕೆಂದು ದಾರಿಯುದ್ದಕ್ಕೂ ಬೈಗಳನ್ನು ಜೋಡಿಸಿಕೊಂಡು ಬಂದಿದ್ದೆ. ಆದರೆ ಅಕ್ಕನ ಮುಖ ನೋಡಿದಾಗ ನನ್ನ ಸಿಟ್ಟು ಅವರ ಮೇಲಿರಲಿಲ್ಲ.

"ತಂಗಿಗೆ ಹೇಳ್ಬೇಡಿ ಅಂದ್ಯಂತೆ," ಎಂದೆ. "ನಾನು ಹೆದರ್ತೀನಿ ಕಣೇ. ಹೆದರಲೇಬೇಕು. ನಿನ್ನ ಬಿಟ್ಟು ಇನ್ಯಾರಿಗೋಸ್ಕರ ಹೆದರಲಿ ನಾನು?"

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅವಳಿಗೆ ದನಿಯೇ ಬರಲಿಲ್ಲ.