ಗುಡಿಸದೆ ಬಿಟ್ಟ ಹತ್ತು ದಿನ

ಮೊನ್ನೆ ಕೊಟ್ಟೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕ ಜೇಬಿನಿಂದ ಲವಂಗ ತೆಗೆದು ಕಡಿದ. ಹಲ್ಲುನೋವಂತೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮೇಡಮ್ಮ ನೆನಪಾದರು. ಅವರು ಲವಂಗ ತಿನ್ನುತ್ತಿದ್ದರೆಂದಲ್ಲ. ಲವಂಗದ ಸಲುವಾಗಿ ನಾನು ಅವರ ಜೊತೆ ಜಗಳ ಮಾಡಿದ್ದೆ...

ನಾನು ಕಾಲೇಜಿನಲ್ಲಿ ಕಸ ಗುಡಿಸುತ್ತಿದ್ದೆ. ಯಾವ ಊರ ಕಾಲೇಜು ಎಂದು ಹೇಳುವುದಿಲ್ಲ. ಕೂಡ್ಲಿಗಿ, ಕಾನಹೊಸಹಳ್ಳಿ ಕಡೆಯಿಂದಲೂ ಹುಡುಗರು ಬಸ್ಸಿಗೆ ಬಂದು ಓದುತ್ತಿದ್ದರು, ಅಷ್ಟು ಸಾಕು. ಮೇಡಮ್ಮ ಅಲ್ಲಿ ಇತಿಹಾಸ ಹೇಳುತ್ತಿದ್ದರು. ಹರಪನಹಳ್ಳಿಯವರು. ಆಳು ಕುಳ್ಳು, ದನಿ ಮಾತ್ರ ಗುಡಿಯ ಗಂಟೆ. ಮದುವೆಯಾಗಿರಲಿಲ್ಲ. ಹುಡುಗರು ಅವರ ಬೆನ್ನ ಹಿಂದೆ ‘ಗಂಟಿ ಮೇಡಂ’ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ನಗುತ್ತಿದ್ದರು.

ಕಾಲೇಜಿನ ಹಿಂದೆ ಬಳ್ಳಾರಿ ಜಾಲಿ ಒತ್ತಾಗಿ ಬೆಳೆದಿತ್ತು. ಅದರ ಬುಡದಲ್ಲಿ ದಿನಾ ಬೆಳಿಗ್ಗೆ ಬಾಟಲಿ, ಖಾಲಿ ಗುಳಿಗೆ ಹಾಳೆ, ಪಂಕ್ಚರ್ ಅಂಗಡಿಯ ಸಲ್ಯೂಷನ್ ಟ್ಯೂಬು ಬಿದ್ದಿರುತ್ತಿದ್ದವು. ಬಾಟಲಿ ಏನೆಂದು ನನಗೆ ಗೊತ್ತಿತ್ತು. ಗುಳಿಗೆ ತಲೆನೋವಿನದಿರಬೇಕು, ಟ್ಯೂಬು ಸೈಕಲ್ಲಿನದಿರಬೇಕು ಎಂದುಕೊಂಡಿದ್ದೆ. ಮೊದಲ ಗಂಟೆ ಹೊಡೆಯುವುದರೊಳಗೆ ಎಲ್ಲ ಬಳಿದು ಚೀಲಕ್ಕೆ ತುಂಬಿಬಿಡುತ್ತಿದ್ದೆ. ಪ್ರಿನ್ಸಿಪಾಲರು ಬರುವ ಹೊತ್ತಿಗೆ ನೆಲ ಹಸನು. ‘ನಿನ್ನಂಥ ಕೆಲಸದಾಕಿ ಯಾವ ಕಾಲೇಜಿನಾಗೂ ಇಲ್ಲ’ ಎಂದು ಹೊಗಳುತ್ತಿದ್ದರು. ಹೊಗಳಿದರೆ ಯಾರಿಗೆ ಬೇಡ?

ನನ್ನ ಮಗಳ ಮಗ ನನ್ನ ಮನೆಯಲ್ಲೇ ಇದ್ದು ಅದೇ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದ. ಒಂದು ದಿನ ಮೇಡಮ್ಮನ ಕ್ಲಾಸಿನ ಬೆಂಚು ಒರೆಸುತ್ತ ಸುಮ್ಮನೆ ಮಾತಿಗೆ ಅಂದೆ.

“ನಮ್ಮ ಹುಡುಗನ ಹಲ್ಲುನೋವು ಹೋಗವಲ್ದು ನೋಡ್ರಿ. ಮನ್ಯಾಗಿನ ಲವಂಗೆಲ್ಲ ಅವನ ಬಾಯಿಗೇ ಹೋತು.”

ಮೇಡಮ್ಮ ಹಾಜರಿ ಪುಸ್ತಕ ಮುಚ್ಚಿದರು. “ಬಾಯಿ ತಗಸಿ ನೋಡೀರೇನಮ್ಮ?”

“ನಾನೇನು ಹಲ್ಲಿನ ಡಾಕ್ಟರೇನ್ರಿ?”

“ಲವಂಗ ಹಲ್ಲಿಗಷ್ಟ ತಿನ್ನಲ್ಲಮ್ಮ. ಬಾಯಿ ವಾಸನಿ ಮುಚ್ಚಾಕೂ ತಿಂತಾರ.”

ನನಗೆ ಮೈಯೆಲ್ಲ ಉರಿಯಿತು. “ನಮ್ಮ ಹುಡುಗ ಅಂಥಾವಲ್ಲ. ಮಕ್ಕಳ ಸುದ್ದಿ ಹಡದೋರಿಗೆ ಗೊತ್ತಿರತೈತಿ. ನೀವು ಒಂದು ಹಡದಿದ್ರ ನಿಮಗೂ ಗೊತ್ತಾಕಿತ್ತು” ಎಂದುಬಿಟ್ಟೆ. ಆಡಬಾರದ ಮಾತು. ಆಡಿದೆ.

ಅವರು ಸಿಟ್ಟಾಗಲಿಲ್ಲ. ನನ್ನ ರಟ್ಟೆ ಹಿಡಿದು ಜಾಲಿಯ ಹತ್ತಿರ ಕರೆದುಕೊಂಡು ಹೋದರು. ಗುಳಿಗೆ ಹಾಳೆ ಎತ್ತಿ ತೋರಿಸಿ, ಇದು ನಶೆಗೆ ನುಂಗುವುದು ಎಂದರು. ಟ್ಯೂಬು ತೋರಿಸಿ, ಇದನ್ನು ಮೂಸುತ್ತಾರೆ ಎಂದರು. ಆಮೇಲೆ ಒಂದು ಮಾತು ಕೇಳಿದರು: “ಹತ್ತು ದಿನ ಇಲ್ಲಿ ಗುಡಿಸಬ್ಯಾಡ್ರಿ.”

“ಗುಡಿಸಬ್ಯಾಡಂದ್ರ ನಾನು ಯಾತಕ್ಕ ಬರ್ಲಿ? ಕಸಬರಿಗಿಗೆ ಪೂಜಿ ಮಾಡಾಕ?”

“ನೀವು ದಿನಾ ಬಳೀತೀರಿ, ಸಾಹೇಬರು ದಿನಾ ನಮ್ಮ ಕಾಲೇಜಿನಾಗ ಏನೂ ಇಲ್ಲಂತಾರ. ನಿಮ್ಮ ಕಸಬರಿಗಿ ಅವರ ಮಾತು ಕಾಯಾಕತ್ತೈತಿ ಅಮ್ಮ.”

ನಾನು ಒಪ್ಪಿದ್ದು ಅವರ ಮೇಲಿನ ಪ್ರೀತಿಗಲ್ಲ, ಹಟಕ್ಕೆ. “ಆತು ಬಿಡ್ರಿ, ಗುಡಸಂಗಿಲ್ಲ. ಅದರಾಗ ನಮ್ಮ ಹುಡುಗಂದು ಒಂದು ಕಡ್ಡಿ ಸಿಕ್ರೂ ನನ್ನ ಕಿವಿ ಹಿಡೀರಿ” ಎಂದೆ.

ಹತ್ತು ದಿನ ಮುಂದಿನ ಅಂಗಳವನ್ನಷ್ಟೇ ಗುಡಿಸಿದೆ. ಮುಂದೆ ಹಸನಿದ್ದರೆ ಪ್ರಿನ್ಸಿಪಾಲರು ಹಿಂದೆ ಬಂದು ನೋಡುವವರಲ್ಲ. ಕೈ ಕಡಿಯುತ್ತಿತ್ತು. ನನ್ನ ಗಂಡ ಕುಡಿದು ಸತ್ತವನು. ಅವನ ಬಾಟಲಿಗಳನ್ನು ಓಣಿಯವರು ಏಳುವ ಮುಂಚೆ ಸೆರಗಿನಲ್ಲಿ ಮುಚ್ಚಿ ತಿಪ್ಪೆಗೆ ಹಾಕಿ ಬರುತ್ತಿದ್ದೆ. ಓಣಿಯವರು ಒಂದನ್ನೂ ನೋಡಲಿಲ್ಲ. ಅವನು ಸತ್ತ. ಆ ಹತ್ತು ದಿನ ಅದು ತಲೆಯಲ್ಲಿ ಸುಳಿಯುತ್ತಿತ್ತು. ಆದರೂ ನಮ್ಮ ಹುಡುಗ ಬೇರೆ ಎಂದುಕೊಂಡೆ...

ಹನ್ನೊಂದನೇ ದಿನ ಪಾಲಕರ ಸಭೆ. ಪ್ರಿನ್ಸಿಪಾಲರು ಎಂದಿನಂತೆ ನಮ್ಮಲ್ಲಿ ಅಂಥ ಚಟದ ಹುಡುಗರಿಲ್ಲ ಎಂದರು. ಮೇಡಮ್ಮ ಎದ್ದು ನಿಂತು, ಎಲ್ಲರೂ ಒಮ್ಮೆ ಹಿಂದೆ ಬಂದು ನೋಡಿರಿ ಎಂದರು. ಬಂದರು. ಹತ್ತು ದಿನದ ಕಸ ಹಾಗೇ ಬಿದ್ದಿತ್ತು. ಗುಡ್ಡೆಯಲ್ಲ, ಹಾಸಿಗೆ. ಒಬ್ಬಿಬ್ಬರು ತಾಯಂದಿರು ಮೂಗು ಮುಚ್ಚಿಕೊಂಡರು. ಪ್ರಿನ್ಸಿಪಾಲರ ಮುಖ ಬಿಳಿಚಿತು. ಅಷ್ಟರಲ್ಲಿ ಬಿಳಿ ಅಂಗಿಯ ಒಬ್ಬ ತಂದೆ ಅಂದ, “ಹೊರಗಿನ ಹುಡುಗರು ಗ್ವಾಡಿ ಹಾರಿ ಬಂದು ಕುಡೀತಾರ. ನಮ್ಮ ಮಕ್ಕಳಿಗೇನು ಸಂಬಂಧ?” ಪ್ರಿನ್ಸಿಪಾಲರು ಅದನ್ನೇ ಹಿಡಿದರು. “ಹೌದ್ರಿ, ಹೊರಗಿನವರೇ. ಗ್ವಾಡಿ ಎತ್ತರ ಮಾಡಸಾಣ.” ಎಲ್ಲರೂ ಹೌದೌದು ಎಂದರು. ಎಲ್ಲರ ಮುಖಕ್ಕೂ ಜೀವ ಬಂತು. ಮೇಡಮ್ಮ ಒಬ್ಬರೇ ಆದರು.

ಆಗ ನಾನು ನೋಡಿದೆ. ಜಾಲಿಯ ಬೇರಿನ ಹತ್ತಿರ ಬೋರಲು ಬಿದ್ದ ಸ್ಟೀಲ್ ಲೋಟ. ನಾನು ಎರಡನೇ ಕ್ಲಾಸು ಓದಿದವಳು, ಪುಸ್ತಕ ಓದಲು ಬಾರದು. ಆದರೆ ನನ್ನ ಹೆಸರು ಓದಬಲ್ಲೆ. ಮಗಳ ಮದುವೆಯಲ್ಲಿ ಕೊಂಡ ಪಾತ್ರೆಗಳಿಗೆಲ್ಲ ಹೆಸರು ಕೊರೆಸಿದ್ದೆ. ಆ ಲೋಟದ ಮೇಲೂ ಅದೇ ಹೆಸರು.

ಸೀರೆ ಎಳೆದು ಅದರ ಮೇಲೆ ಕಾಲಿಟ್ಟೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ, ಮೊದಲು ಮುಚ್ಚಿದೆ. ಎತ್ತಿ ತೋರಿಸಿದರೆ ಕಾಲೇಜಿನಿಂದ ಹುಡುಗನನ್ನು ಹೊರಗೆ ಹಾಕುತ್ತಾರೆ, ನನ್ನ ಕೆಲಸವೂ ಹೋಗುತ್ತದೆ. ಮುಚ್ಚಿದರೆ ಹುಡುಗ ಓದುತ್ತಾನೆ... ಎಲ್ಲಿಯವರೆಗೆ? ಅವನಜ್ಜನಿಗೆ ನಾನು ಮುಚ್ಚಿದ್ದು ಎಲ್ಲಿಯವರೆಗೆ ನಡೆಯಿತು?

ಬಗ್ಗಿ ಲೋಟ ಎತ್ತಿದೆ. “ಹೊರಗಿನವರಲ್ರಿ. ಇದು ನಮ್ಮ ಮನಿ ಲೋಟ, ನನ್ನ ಹೆಸರೈತಿ ನೋಡ್ರಿ. ನಮ್ಮ ಹುಡುಗ ಇಲ್ಲಿ ಕುಡಿಯಾಕತ್ಯಾನ. ಮನಿಗೆ ಬಂದು ಹಲ್ಲುನೋವಂತ ಲವಂಗ ತಿಂತಾನ.”

ಹಿಂದಿನಿಂದ ಒಬ್ಬ ತಾಯಿ ಮೆಲ್ಲಗೆ ಅಂದಳು, “ನಮ್ಮ ಹುಡುಗಗೂ ಹಲ್ಲುನೋವ್ರಿ.” ಇನ್ನೊಬ್ಬಾಕೆ ಅಳಲು ಶುರು ಮಾಡಿದಳು. ಬಿಳಿ ಅಂಗಿಯವನು ಹೊರಟು ಹೋದ.

ನಮ್ಮ ಹುಡುಗನನ್ನು ತೆಗೆದುಹಾಕುತ್ತೇನೆ ಎಂದು ಪ್ರಿನ್ಸಿಪಾಲರು ಹಾರಾಡಿದರು. ಮೇಡಮ್ಮ ಅಡ್ಡ ನಿಂತರು. “ಹೊರಗ ಹಾಕಿದ್ರ ಎಲ್ಲಿಗೆ ಹೋಗ್ತಾನ ಸರ್? ಕುಡಿಸೋ ಅಂಗಡಿ ಇರೋದು ಹೊರಗ ಅಲ್ಲೇನು?” ಹುಡುಗ ಉಳಿದ. ಲೋಟ ಎತ್ತಿದವಳ ಕೆಲಸ ತೆಗೆಯಲು ಅವರಿಗೂ ಬಾಯಿ ಬರಲಿಲ್ಲ.

ಮೇಡಮ್ಮ ದೊಡ್ಡ ಭಾಷಣ ಮಾಡಲಿಲ್ಲ. ನಮ್ಮವನೂ ಸೇರಿ ಐವರು ಹುಡುಗರನ್ನು ತಾವೇ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು, ಒಂದು ಸಲವಲ್ಲ, ವಾರವಾರ. ನಮ್ಮನ್ನು, ಅಂದರೆ ಆ ಹುಡುಗರ ಮನೆಯ ಹೆಂಗಸರನ್ನು, ಕರೆದು, “ಮನ್ಯಾಗ ಕೂತು ಶೇಂಗಾ ಸುಲಿಯೋದು ಇಲ್ಲೇ ಬಂದು ಸುಲೀರಿ” ಎಂದರು. ಪಾಳಿ ಹಚ್ಚಿಕೊಂಡೆವು. ಮಧ್ಯಾಹ್ನದಿಂದ ಹೊತ್ತು ಮುಳುಗುವತನಕ ಇಬ್ಬಿಬ್ಬರು ಹೆಂಗಸರು ಮೊರ ಹಿಡಿದು ಜಾಲಿಯ ಹತ್ತಿರ ಕೂತೆವು. ತಾಯಿ ಶೇಂಗಾ ಸುಲಿಯುವ ಜಾಗದಲ್ಲಿ ಯಾವ ಮಗ ಬಾಟಲಿ ತೆರೆಯುತ್ತಾನೆ? ಕೊನೆಯ ಕ್ಲಾಸು ಮುಗಿಸಿ ಮೇಡಮ್ಮನೂ ಬಂದು ಕೂರುತ್ತಿದ್ದರು. ಸುಲಿದಷ್ಟನ್ನೂ ತಿನ್ನುತ್ತಿದ್ದರು. “ಮೇಡಮ್ಮ, ನಿಮ್ಮನ್ನ ಕೂಲಿಗೆ ಕರದ್ರ ಹೊಲದಾಕಿ ದಿವಾಳಿ” ಎಂದು ನಾವು ಕಾಡಿಸುತ್ತಿದ್ದೆವು.

ಎಲ್ಲರೂ ಸುಧಾರಿಸಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಹುಡುಗ ಎರಡು ಸಲ ಮತ್ತೆ ಬಿದ್ದ, ಎರಡು ಸಲವೂ ಮೇಡಮ್ಮ ಮನೆಗೆ ಬಂದರು. ಈಗ ಹಡಗಲಿಯಲ್ಲಿ ಕೆಲಸ ಮಾಡುತ್ತಾನೆ, ಕುಡಿಯುವುದಿಲ್ಲ. ಬಿಳಿ ಅಂಗಿಯವನ ಮಗ ಕೆರೆ ಏರಿಯ ಆಚೆ ಜಾಗ ಹುಡುಕಿಕೊಂಡ. ಅಲ್ಲಿಗೆ ನಮ್ಮ ಪಾಳಿ ಮುಟ್ಟಲಿಲ್ಲ. ಅವನು ಉಳಿಯಲಿಲ್ಲ...

ಮೇಡಮ್ಮನಿಗೆ ವರ್ಗವಾಯಿತು. ಹೋದ ವರ್ಷ ಹೋಗಿಬಿಟ್ಟರೆಂದು ಮೊಮ್ಮಗ ಫೋನ್ ಮಾಡಿದ. ಇಬ್ಬರೂ ಹರಪನಹಳ್ಳಿಗೆ ಹೋದೆವು. ಮಣ್ಣಿಗೆ ಹೆಗಲು ಕೊಡಲು ಮಕ್ಕಳಿಲ್ಲ ಎಂದು ಯಾರೋ ಗುಸುಗುಸು ಅಂದರು. ನಮ್ಮ ಹುಡುಗ ಮುಂದೆ ಹೋಗಿ ಹೆಗಲು ಕೊಟ್ಟ. ಅಂದು ನಾನು ಆಡಿದ ಮಾತಿಗೆ ತಪ್ಪಾಯಿತೆಂದು ಅವರಿಗೆ ಹೇಳಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೇ ಇಷ್ಟು ವರ್ಷ ಕಳೆದಿದ್ದೆ.

ನನ್ನ ಕೆಲಸ ಮುಗಿದು ಬಹಳ ದಿನವಾಯಿತು. ಗೋಡೆ ಎತ್ತರವಾಗಿದೆ, ಕ್ಯಾಮೆರಾ ಹಾಕಿದ್ದಾರೆ. ಹಳೆಯ ಪಾಳಿಯವರಲ್ಲಿ ನಾವು ಇಬ್ಬರು ಉಳಿದಿದ್ದೇವೆ, ಹೊಸದಾಗಿ ಮೂವರು ತಾಯಂದಿರು ಸೇರಿದ್ದಾರೆ. ಈ ವರ್ಷದಿಂದ ಕೆರೆ ಏರಿಯ ಆಚೆ ಕೂರುತ್ತಿದ್ದೇವೆ. ಮೊದಲೇ ಕೂರಬೇಕಿತ್ತು. ನಿನ್ನೆ ನಾಲ್ಕು ಹುಡುಗರು ಬೈಕಿನಲ್ಲಿ ಬಂದರು. ನಮ್ಮನ್ನು ನೋಡಿ ಒಬ್ಬ ಹಲ್ಲು ಕಿರಿದ.

“ಏನಜ್ಜಿ, ಇಲ್ಲೂ ಬಂದ್ಯಾ?”

“ನೀ ಬಂದಿಯಲ್ಲಲೇ, ಅದಕ್ಕ ಬಂದೀನಿ. ಕೂಡು, ಸುಲಿ” ಎಂದೆ.

ಮೂವರು ಗಾಡಿ ತಿರುಗಿಸಿಕೊಂಡು ಹೋದರು. ಅವನು ಸ್ವಲ್ಪ ಹೊತ್ತು ನಿಂತ. ಆಮೇಲೆ ಕೂತ.