ಮುಡಿಯುವ ಸೊಪ್ಪು, ಸುಟ್ಟ ಬಾಡು

ಯಜಮಾನರು ತೋಟದಲ್ಲಿ ತಲೆ ಸುತ್ತಿ ಬಿದ್ದ ಮೇಲೆ ತಿಪಟೂರಿನ ಡಾಕ್ಟರು ಬಿಪಿ ನೋಡಿ, ಉಪ್ಪು ಅರ್ಧಕ್ಕರ್ಧ ಇಳಿಸಿ ಎಂದರು. ಎಲ್ಲಿಂದ ಇಳಿಸುವುದು ಎಂಬ ತಲೆನೋವು ನನ್ನ ಪಾಲಿಗೆ ಬಂತು. ಸಾರಿಗೆ ಚೂರು ಇರಲಿ, ಭಾನುವಾರದ ಸುಟ್ಟ ಬಾಡಿಗೆ ಬೇಡವೇ ಬೇಡ ಎಂದು ತೀರ್ಮಾನಿಸಿದೆ. ನಮ್ಮ ಮನೆಯಲ್ಲಿ ಆ ಬಾಡು ಅವರದ್ದೇ ಕೆಲಸ. ಹಿತ್ತಲಲ್ಲಿ ಕಲ್ಲು ಹೂಡಿ, ಕೊಬ್ಬರಿ ತೆಗೆದು ಉಳಿದ ಚಿಪ್ಪು ಉರಿಸಿ, ಕೆಂಡವಾದ ಮೇಲೆ ಕುರಿ ಮಾಂಸವನ್ನು ಕಂಬಿಗೆ ಪೋಣಿಸಿ ತಿರುಗಿಸುತ್ತಾ ಕೂರುವುದೆಂದರೆ ಅವರಿಗೆ ಊಟಕ್ಕಿಂತ ಹೆಚ್ಚು. ಉಪ್ಪಿಲ್ಲದ ಮೊದಲ ತುಂಡು ಬಾಯಿಗಿಟ್ಟವರೇ ತಟ್ಟೆ ಸರಿಸಿದರು. ಮುಂದಿನ ಭಾನುವಾರ ಚಿಪ್ಪನ್ನೇ ಹಚ್ಚಲಿಲ್ಲ. ಬೇರೆ ದಿನಗಳಲ್ಲೂ ಅರ್ಧ ಮುದ್ದೆಗೆ ಎದ್ದುಬಿಡುತ್ತಿದ್ದರು. ಷರ್ಟು ಹೆಗಲ ಮೇಲೆ ಜೋಲತೊಡಗಿತು. ನನಗೆ ಉಪ್ಪು ಕೊಟ್ಟರೆ ಒಂದು ಭಯ, ಕೊಡದಿದ್ದರೆ ಇನ್ನೊಂದು.

ಈ ಮಧ್ಯೆ ಮಗಳು ತಿಪಟೂರಿನ ಬೇಕರಿಯಿಂದ ಪಿಜ್ಜಾ ತಂದಳು. ಅದರ ಜೊತೆ ಒಂದು ಪುಟ್ಟ ಪೊಟ್ಟಣ, ಒಳಗೆ ಒಣಗಿದ ಸೊಪ್ಪಿನ ಪುಡಿ. ಆರಿಗ್ಯಾನೋ ಎಂದಳು. ಹರಿದು ಮೂಸಿದೆ. ಈ ವಾಸನೆ ನನಗೆ ಗೊತ್ತು, ಆದರೆ ಎಲ್ಲಿಯದೆಂದು ಹೊಳೆಯುತ್ತಿಲ್ಲ. ಇಂಥದ್ದೊಂದು ತಲೆಗೆ ಹೊಕ್ಕರೆ ಮುಗಿಯಿತು, ಒಲೆಯ ಮೇಲೆ ಹಾಲು ಉಕ್ಕಿದರೂ ನನಗೆ ಗೊತ್ತಾಗುವುದಿಲ್ಲ. ಓಮಿನ ಡಬ್ಬಿ ತೆಗೆದು ಮೂಸಿದೆ, ಅದಲ್ಲ. ದೊಡ್ಡಪತ್ರೆ ಕಿವುಚಿ ಮೂಸಿದೆ, ಹತ್ತಿರ ಬಂತು, ಅದೂ ಅಲ್ಲ. ಪೊಟ್ಟಣವನ್ನು ಪರ್ಸಿನಲ್ಲಿಟ್ಟುಕೊಂಡೇ ಓಡಾಡಿದೆ. ಉತ್ತರ ಸಿಕ್ಕಿದ್ದು ಮಾಯಸಂದ್ರದಿಂದ ತುರುವೇಕೆರೆಗೆ ಬರುವ ಬಸ್ಸಿನಲ್ಲಿ. ಮುಂದಿನ ಸೀಟಿನ ಹೆಂಗಸು ಕನಕಾಂಬರದ ಜೊತೆ ಮರುಗ ಮುಡಿದಿದ್ದಳು. ಡ್ರೈವರು ಬ್ರೇಕು ಹಾಕಿದಾಗ ನನ್ನ ಮೂಗು ಅವಳ ಜಡೆಗೇ ಹೋಗಿ ತಾಗಿತು. ಅದೇ ವಾಸನೆ, ಇದನ್ನು ಹಾಕಿದರೆ ಉಪ್ಪಿಲ್ಲದ ಬಾಡೂ ರುಚಿಸೀತು ಎನಿಸಿತು.

"ಏನ್ ಬೇಕಿತ್ರೀ?" ಎಂದು ತಿರುಗಿದಳು.

"ಹೂವ ಚೆನ್ನಾಗದೆ ಕಣ್ರೀ," ಎಂದೆ. ಬಾಡಿನ ವಿಷಯವನ್ನು ಅವಳಿಗೆ ಹೇಗೆ ಹೇಳುವುದು!

ಮರುಗ ನಮ್ಮ ಹಿತ್ತಲಲ್ಲೇ ಇತ್ತು, ಅತ್ತೆ ಸಾಕಿದ್ದು. ದೇವರಿಗೊಂದು ಕುಡಿ, ನನ್ನ ಜಡೆಗೊಂದು ಕುಡಿ ಅವರೇ ಕಿತ್ತು ಕೊಡುತ್ತಿದ್ದರು. ಮಾಂಸಕ್ಕೆ ಹಾಕುತ್ತೇನೆ ಎಂದಾಗ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು.

"ಮುಡಿಯೋ ಸೊಪ್ಪ ಬಾಡಿಗ್ ಹಾಕ್ತಾರೇನೇ? ನಾಳೆ ಮಲ್ಲಿಗೆ ಹೂವ್ನೂ ಸಾರಿಗ್ ಹಾಕ್ತೀಯ."

"ನಿಮ್ಮಗ ಉಣ್ಣಲಿ ಅಂತ ಅತ್ತೆ."

ಮಗ ಎಂದ ಮೇಲೆ ಅವರೇ ಒಂದು ಹಿಡಿ ಕುಡಿ ಕಿತ್ತು ಕೊಟ್ಟರು.

ಮೊದಲ ಸಲ ಸೊಪ್ಪನ್ನು ಅಂಗಳದ ಬಿಸಿಲಿಗೆ ಹರವಿದೆ. ಸಂಜೆಗೆ ಬರೀ ಹುಲ್ಲಾಯಿತು, ವಾಸನೆ ಹಾರಿಹೋಗಿತ್ತು. ಅಟ್ಟದ ನೆರಳಲ್ಲಿ ಕಾಯಿ ತಿಂಗಳುಗಟ್ಟಲೆ ಕೂತು ಕೊಬ್ಬರಿಯಾಗುವುದನ್ನು ನೋಡುತ್ತಲೇ ಬದುಕಿದವಳಿಗೆ, ಸೊಪ್ಪಿಗೂ ನೆರಳು ಬೇಕೆಂದು ಹೊಳೆಯದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಎರಡನೆಯ ಸಲ ಮೊರದಲ್ಲಿ ಹಾಕಿ ಆ ಕಾಯಿಗಳ ಪಕ್ಕದಲ್ಲೇ ಇಟ್ಟೆ. ಒಣಗಿದ ಮರುಗಕ್ಕೆ ಕರಿಬೇವು, ಮೆಣಸು, ಚೂರು ಓಮು ಸೇರಿಸಿ ತರಿತರಿಯಾಗಿ ಕುಟ್ಟಿ, ಮಾಂಸಕ್ಕೆ ಸವರಿ ಕೆಂಡದ ಮೇಲಿಟ್ಟೆ. ಚಿಪ್ಪಿನ ಕೆಂಡಕ್ಕೆ ಸೌದೆಯ ಕೆಂಡಕ್ಕಿಂತ ಕೋಪ ಜಾಸ್ತಿ. ಪುಡಿ ಸೀದು ಕಹಿಯಾಗಿ ಎಲ್ಲವೂ ನಾಯಿಯ ಪಾಲಾಯಿತು. ಹಾಗೆ ಕೆಡಿಸಿ ಕೆಡಿಸಿಯೇ ಕಲಿತೆ. ಮಾಂಸ ಮೊದಲು ನಿಂಬೆರಸ, ಬೆಳ್ಳುಳ್ಳಿಯಲ್ಲಿ ನೆನೆಯಬೇಕು. ಬೆಂದ ಮೇಲೆ ಕೆಂಡಕ್ಕೆ ಒಂದು ಹಿಡಿ ಒದ್ದೆ ತೆಂಗಿನ ನಾರು ಹಾಕಿ, ಮೇಲೆ ಬಾಂಡಲಿ ಕವುಚಿ ಹೊಗೆ ಹಿಡಿಸಬೇಕು. ಪುಡಿ ಉದುರಿಸುವುದು ಕಂಬಿಯಿಂದ ಬಿಡಿಸಿದ ಮೇಲೆ, ಬಿಸಿಯಿರುವಾಗಲೇ.

ಎಲ್ಲ ಹದಕ್ಕೆ ಬಂದ ಮೇಲೆ ಒಂದು ಭಾನುವಾರ ನಾನು ಕೆಂಡದ ಮುಂದೆ ಕೂತೆ. ಅತ್ತೆ ಬಿಸಿ ತುಂಡುಗಳನ್ನು ಬಿಡಿಸಿ, ಪುಡಿ ಉದುರಿಸಿ ಮಗನಿಗೆ ಕೊಂಡೊಯ್ದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಯಜಮಾನರ ದನಿ ಕೇಳಿತು.

"ಏನ್ ಹಾಕಿದ್ದೀಯೇ ಇದಕ್ಕೆ? ಉಪ್ಪಿಲ್ಲ ಅಂತ ಗೊತ್ತೇ ಆಗಾಕಿಲ್ವಲ್ಲ!"

ಮತ್ತೆ ಮತ್ತೆ ಹಾಕಿಸಿಕೊಂಡರು. ನಾನು ಹೊಗೆಯಲ್ಲಿ ಕೂತೇ ಹಿರಿಹಿರಿ ಹಿಗ್ಗಿದೆ.

ಎಲ್ಲರದ್ದೂ ಆದ ಮೇಲೆ ನಾನು ತಿಂದೆ. ಹೊಗೆಯ ರುಚಿ ಹತ್ತಿತ್ತು, ಮರುಗದ ಘಮವಿತ್ತು, ಚೆನ್ನಾಗಿಯೇ ಇತ್ತು. ಆದರೆ ಸಪ್ಪೆ. ಉಪ್ಪಿಲ್ಲವೆಂದು ಮೊದಲ ತುಂಡಿಗೇ ಗೊತ್ತಾಗುತ್ತಿತ್ತು. ಒಂದೇ ಕೆಂಡ, ಒಂದೇ ಪುಡಿ, ಅವರಿಗೆ ಮಾತ್ರ ಹೇಗೆ ಗೊತ್ತಾಗಲಿಲ್ಲ? ತೊಳೆಯಲು ಎತ್ತಿಕೊಂಡ ಅವರ ತಟ್ಟೆಯ ಅಂಚಿನಲ್ಲಿ ಪುಡಿ ಅಂಟಿತ್ತು. ಬೆರಳಲ್ಲಿ ಒತ್ತಿ ನಾಲಿಗೆಗಿಟ್ಟೆ. ಉಪ್ಪು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಒಂದ್ ಚಿಟ್ಕೆ ಕಣವ್ವ," ಎಂದರು. "ಅವ್ನು ಅರ್ಧಕ್ಕೇ ಎದ್ದೋಗೋದ ನೋಡಕ್ಕಾಗಕಿಲ್ಲ ನಂಗೆ."

ನನಗೆ ಮೈ ಉರಿದುಹೋಯಿತು. "ನೀವು ಅವ್ರು ಎದ್ದೋಗೋದ ನೋಡಿದ್ದೀರ ಅತ್ತೆ. ತೋಟದಲ್ಲಿ ಬಿದ್ದಿದ್ದ ನೋಡಿದೋಳು ನಾನು. ಮುಖಕ್ಕೆ ನೀರ್ ಹಾಕಿದ್ರೂ ಕಣ್ ಬುಡ್ಲಿಲ್ಲ ಅವ್ರು." ಅತ್ತೆ ಹಿತ್ತಲಿಗೆ ಹೋದರು. ಆ ವಾರವೆಲ್ಲ ನಮ್ಮಿಬ್ಬರ ನಡುವೆ ಎಷ್ಟು ಬೇಕೋ ಅಷ್ಟೇ ಮಾತು.

ಮುಂದಿನ ಭಾನುವಾರ ಮಾಂಸ ಬೆಂದಾಗ ಅವರು ಪುಡಿಯ ಬಟ್ಟಲನ್ನು ನನ್ನ ಕಡೆ ತಳ್ಳಿದರು. "ನೀನೇ ಉದುರಿಸವ್ವ. ನನ್ ಕೈ ಸುಮ್ಕಿರಾಕಿಲ್ಲ."

ಉದುರಿಸಿ ನಾನೇ ಕೊಂಡೊಯ್ದೆ. ಅತ್ತೆಯೂ ಬಂದು ಮಗನ ಪಕ್ಕ ಕೂತರು. ಯಜಮಾನರು ಒಂದು ತುಂಡು ಬಾಯಿಗಿಟ್ಟು ನಿಧಾನಕ್ಕೆ ಅಗಿದರು.

"ಹೋದ್ ವಾರದಷ್ಟಿಲ್ಲ ಕಣೇ," ಎಂದರು.

ನಾನು ಅತ್ತೆಯ ಮುಖ ನೋಡಲಿಲ್ಲ. ಅವರು ಮಗನ ತಟ್ಟೆಯಿಂದಲೇ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡರು. ಅಗಿದು ನುಂಗಿದರು.

"ಹೋದ್ ವಾರದ್ದ ಮರ್ತ್ ಬುಡಪ್ಪ," ಎಂದರು. "ಇನ್ಮೇಲೆ ನಮ್ಗೆಲ್ಲ ಇದೇ ರುಚಿ. ತಿನ್ನು."

ಯಜಮಾನರು ಇನ್ನೊಂದು ತುಂಡು ತೆಗೆದುಕೊಂಡರು.