ಬ್ಯಾಟ್ ಹಿಡಿಯದ ವಾಮನಣ್ಣ

ಜೂನ್ 22, ಭಾನುವಾರ. ಸಂಜೆ 6.40ಕ್ಕೆ ಬರೆಯಲು ಕೂತೆ. ನೆದರ್‌ಲೆಂಡ್ಸಿನ ಈ ಹಾರ್ಲೆಮ್‌ನಲ್ಲಿ ಬಿಸಿಲು ಇನ್ನೂ ಕಿಟಕಿ ಬಿಟ್ಟಿಲ್ಲ. ಆದರೆ ನನ್ನ ಮುಖ ಕೆಂಪಾಗಿರುವುದು ಬಿಸಿಲಿಗಲ್ಲ.

ನಾನು ಲೆಕ್ಕದ ಹುಡುಗಿ ಅಂತ ಈ ಬ್ಲಾಗ್ ಓದುವ ನಿಮಗೆ ಗೊತ್ತೇ ಇದೆ. ವಾರದಲ್ಲಿ ಎಷ್ಟು ಸಲ ರೈಲು ತಡ, ತಿಂಗಳಲ್ಲಿ ಎಷ್ಟು ದಿನ ಸೈಕಲ್ಲಿಗೆ ಎದುರುಗಾಳಿ, ಎಲ್ಲ ಬರೆದಿಡುತ್ತೇನೆ. ಅದಕ್ಕೇ ನಮ್ಮ ಬಡಾವಣೆಯ ಬೇಸ್‌ಬಾಲ್ ಕ್ಲಬ್‌ನವರು ನನ್ನನ್ನು ಸ್ಕೋರರ್ ಮಾಡಿಕೊಂಡರು. (ಕ್ರಿಕೆಟ್ ಬಿಟ್ಟು ಇದೇನೇ ಅಂತ ಅಮ್ಮ ಈಗಲೂ ಕೇಳುತ್ತಾಳೆ.)

ಕ್ಲಬ್‌ನಲ್ಲಿ ಒಂದು ಪದ್ಧತಿ ಇದೆ. ವರ್ಷಕ್ಕೊಂದು ಭಾನುವಾರ, ಮ್ಯಾಚಿಗೆ ಮುಂಚೆ, ಗೋಡೆಯ ಮೇಲೆ ಫೋಟೋ ಇಲ್ಲದ ಹಳೆಯ ಆಟಗಾರರನ್ನು ಹೆಸರು ಹಿಡಿದು ಕರೆಯುತ್ತಾರೆ. ಸ್ಟಾರ್‌ಗಳಿಗೆ ಅವತ್ತು ಜಾಗವಿಲ್ಲ. ಕರೆದವರು ಮೈದಾನಕ್ಕೆ ಇಳಿದು ನಿಲ್ಲುತ್ತಾರೆ. ಅಭಿಮಾನಿಗಳು ಎದ್ದು ಚಪ್ಪಾಳೆ ತಟ್ಟಿ, ಅವರ ಬಗ್ಗೆ ಒಂದೊಂದು ನೆನಪು ಕೂಗಿ ಹೇಳುತ್ತಾರೆ. ಅಷ್ಟೇ. ಆ ಅಷ್ಟಕ್ಕಾಗಿ ಜನ ಎಲ್ಲೆಲ್ಲಿಂದಲೋ ಬರುತ್ತಾರೆ.

ಇಷ್ಟು ವರ್ಷ ಹೆಸರು ಆರಿಸುತ್ತಿದ್ದವರು ಅಭಿಮಾನಿಗಳೇ, ಕಾಫಿ ಕುಡಿಯುತ್ತಾ. ಈ ಸಲ ನಾನು ಮೂಗು ತೂರಿಸಿದೆ. ನೆನಪು ಮೋಸ ಮಾಡುತ್ತದೆ, ಡೇಟಾ ಮಾಡುವುದಿಲ್ಲ ಅಂದೆ. ಹಳೆಯ ಸ್ಕೋರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದೆ. ಬ್ಯಾಟಿಂಗ್, ಪಿಚಿಂಗ್ ಎರಡರಲ್ಲೂ ಸೊನ್ನೆ ಇದ್ದವರನ್ನು ಒಂದೇ ಕ್ಲಿಕ್‌ನಲ್ಲಿ ತೆಗೆದುಹಾಕಿದೆ. ಹೆಸರು ಕೂಡ ಓದಲಿಲ್ಲ. ಬ್ಯಾಟೂ ಹಿಡಿಯದ, ಚೆಂಡೂ ಎಸೆಯದವನು ಎಂಥ ಆಟಗಾರ?

ಹತ್ತಿರದ ಊರು ಬಾಡ್‌ಹೂವೆಡಾರ್ಪ್‌ನ ವಾಮನಣ್ಣ ಮತ್ತು ಶಶಿಯಕ್ಕನನ್ನು ನಾನೇ ಕರೆದಿದ್ದೆ. ಉಡುಪಿ ಕಡೆಯ ದಂಪತಿ, ಅರವತ್ತು ದಾಟಿದವರು. ಯುಗಾದಿ ಊಟದಲ್ಲಿ ಪರಿಚಯವಾಗಿತ್ತು. "ಹಳೇ ಆಟಗಾರರನ್ನ ಕರೆದು ಗೌರವಿಸ್ತೀವಿ, ಲಿಸ್ಟ್ ಮಾಡೋದು ನಾನೇ. ಬನ್ನಿ" ಅಂದಿದ್ದೆ.

"ನನ್ನನ್ನು ಕರೀಬೇಕು ಅಂತ ನಿನಗೆ ಹೊಳೀತಲ್ಲ, ಅದೇ ದೊಡ್ಡದು" ಎಂದಿದ್ದರು ವಾಮನಣ್ಣ. ಸೌಜನ್ಯದ ಮಾತು ಅಂದುಕೊಂಡೆ.

ಇವತ್ತು ಈ ಸೆಖೆಯಲ್ಲೂ ಅವರು ಕೋಟು ಹಾಕಿಕೊಂಡು ಬಂದರು. ನಾನು ಇಬ್ಬರಿಗೂ ಆಟದ ಪಾಠ ಶುರುಮಾಡಿದೆ. "ನಾಲ್ಕು ಬೇಸ್ ಸುತ್ತಿ ಬಂದ್ರೆ ಒಂದು ರನ್, ವಾಮನಣ್ಣ."

"ಹೌದಾ?" ಅಂದರು ಅವರು, ನಗುತ್ತಾ.

ಶಶಿಯಕ್ಕ ಗಂಡನ ಪಕ್ಕೆ ತಿವಿದರು. "ಸರಿ ಕೇಳಿಸಿಕೊಳ್ಳಿ ಮಾರಾಯ್ರೆ. ನಿಮಗೆ ಗೊತ್ತುಂಟಾ ಇದೆಲ್ಲ?"

ನಾನೂ ನಕ್ಕೆ. (ಎಷ್ಟು ಬುದ್ಧಿವಂತೆ ನೋಡಿ.)

ಮೈಕು ಹಿಡಿದು ಹೆಸರು ಕರೆದೆ. ಒಂಬತ್ತು ಹೆಸರು. ಪ್ರತಿ ಹೆಸರಿಗೂ ಮುಂಚೆ ವಾಮನಣ್ಣ ಕೋಟಿನ ಗುಂಡಿ ಮುಟ್ಟಿಕೊಳ್ಳುತ್ತಿದ್ದರು. ಶಶಿಯಕ್ಕ ಫೋನ್ ಎತ್ತಿ ಹಿಡಿದೇ ಇದ್ದರು. ಎಷ್ಟು ಉತ್ಸಾಹ ಇವರಿಗೆ ಅಂದುಕೊಂಡೆ.

"ಇವತ್ತಿಗೆ ಇಷ್ಟೇ" ಅಂದೆ.

ಹಿಂದಿನ ಸಾಲಿನಲ್ಲಿ ಟ್ರೂಸ್ ಅಜ್ಜಿ ಎದ್ದು ನಿಂತರು. ಹುಡುಗಿಯಾಗಿದ್ದಾಗಿನಿಂದ ಈ ಮೈದಾನಕ್ಕೆ ಬರುತ್ತಿರುವ ಡಚ್ ಅಜ್ಜಿ. "ನಮ್ಮ ಓಟಗಾರ ಎಲ್ಲಿ?" ಅಂತ ಗದರಿದರು.

"ಯಾವ ಓಟಗಾರ?"

"ನಮ್ಮ ದಪ್ಪ ಕ್ಯಾಚರ್ ಬೇಸ್ ಸೇರಿದ ಕೂಡಲೇ, ಅವನ ಬದಲು ಓಡಲು ಬರುತ್ತಿದ್ದನಲ್ಲ! ವಾಮನ್!"

"ಕೆಸರಲ್ಲಿ ಜಾರಿ, ಹೊಟ್ಟೆ ಮೇಲೇ ಕೊನೇ ಬೇಸ್ ಮುಟ್ಟಿದ್ದ!" ಇನ್ನೊಬ್ಬ ಮುದುಕ ಕೂಗಿದ. ಇಡೀ ಸಾಲು ನಕ್ಕಿತು. ಯಾರೋ ಹಲಗೆಯ ಮೇಲೆ ಕಾಲು ಕುಟ್ಟತೊಡಗಿದರು. ವಾಮನ್ ಓಡಲು ಇಳಿದಾಗಲೆಲ್ಲ ಹಾಗೆ ಕುಟ್ಟುತ್ತಿದ್ದರಂತೆ. ಒಬ್ಬರಾದ ಮೇಲೊಬ್ಬರು ಸೇರಿದರು.

ಬದಲಿ ಓಟಗಾರ. ಇನ್ನೊಬ್ಬನಿಗಾಗಿ ಓಡಿ, ರನ್ ತಂದುಕೊಟ್ಟು, ಹೊರಗೆ ಹೋಗಿ ಕೂರುವವನು. ಬ್ಯಾಟಿಂಗ್ ಸೊನ್ನೆ. ಪಿಚಿಂಗ್ ಸೊನ್ನೆ. ನನ್ನ ಒಂದು ಕ್ಲಿಕ್.

ಅವರಿಬ್ಬರು ಕೂತಿದ್ದ ಮೂರನೇ ಸಾಲು ನೋಡಿದೆ. ಎರಡು ಕುರ್ಚಿ ಖಾಲಿ.

ಬಸ್ ಸ್ಟಾಪಿನಲ್ಲಿ ಸಿಕ್ಕರು. ಕಾಲು ಕುಟ್ಟುವ ಸದ್ದು ಅಲ್ಲಿಗೂ ಕೇಳಿಸುತ್ತಿತ್ತು.

"ವಾಪಸ್ ಬನ್ನಿ ವಾಮನಣ್ಣ, ಎಲ್ಲಾ ನಿಮ್ಮನ್ನೇ ಕೇಳ್ತಿದ್ದಾರೆ. ನೀವು ಆಡಿದ್ದು ನಂಗೆ ಗೊತ್ತೇ ಇರ್ಲಿಲ್ಲ!"

"ಗೊತ್ತಿರ್ಲಿಲ್ವಾ? ಮತ್ತೆ ಎಂತಕ್ಕೆ ಕರೆದದ್ದು?"

ಏನು ಹೇಳಲಿ? ಪಾಪ, ಉಡುಪಿಯವರು, ಬೇಸ್‌ಬಾಲ್ ನೋಡಿರಲಿಕ್ಕಿಲ್ಲ, ತೋರಿಸೋಣ ಅಂತಲೇ? ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು.

"ವಿಡಿಯೋ ಬೇಕಾ ನಿನಗೆ?" ಅಂದರು ಶಶಿಯಕ್ಕ. "ಒಂಬತ್ತು ಜನರದ್ದೂ ಚಂದ ಬಂದಿದೆ."

"ಬಿಡು ಮಾರಾಯ್ತಿ" ಎಂದು ವಾಮನಣ್ಣ ಹೆಂಡತಿಯನ್ನು ತಡೆದರು. ಆಮೇಲೆ ನನ್ನ ಕಡೆ ತಿರುಗಿದರು. "ಈಗ ಬಂದ್ರೆ ನಾನೇ ಕೇಳಿ ತಗೊಂಡ ಹಾಗೆ ಆಗ್ತದೆ. ಕೂಗಿದ್ದು ಟ್ರೂಸ್ ಅಲ್ವಾ? ಸ್ವರ ಹಾಗೇ ಉಂಟು. ನನ್ನ ನಮಸ್ಕಾರ ಹೇಳು."

ಬಸ್ ಬಂತು. ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡು ಹತ್ತಿದರು.

ನಾನು ವಾಪಸು ಹೋಗಿ ಮೈಕು ಹಿಡಿದು, ಅವರು ಬಂದಿದ್ದರು, ಹೋದರು ಅಂದೆ. ಕಾಲು ಕುಟ್ಟುವುದು ನಿಂತಿತು. ಟ್ರೂಸ್ ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಈ ಸಂಜೆ ಸ್ವಲ್ಪ ಹಗುರಾಗಿರುತ್ತಿತ್ತೇನೋ.

ಮುಂದಿನ ವರ್ಷದ ಹೆಸರುಗಳು ಮತ್ತೆ ಕಾಫಿ ಟೇಬಲ್ಲಿಗೇ ಹೋಗಲಿ. ನನ್ನದೊಂದು ಕೋರಿಕೆ. ವಾಮನಣ್ಣ ಓಡಿದ್ದನ್ನು ಕಂಡವರು ನಿಮ್ಮಲ್ಲಿ, ನಿಮ್ಮ ಡಚ್ ನೆರೆಹೊರೆಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಎಷ್ಟು ರನ್ ಅಂತ ಬೇಡ, ಅದು ನನ್ನ ಕಂಪ್ಯೂಟರಿನಲ್ಲಿದೆ.

ಅವರು ಓಡುವಾಗ ಹೇಗೆ ಕಾಣುತ್ತಿದ್ದರು?